ಶೀರ್ಷಿಕೆ ಕಣ್ಮರೆಯಾಗದಿರಲಿ: ಲೆಕ್ಕದ ಹಾಳೆಯಲ್ಲಿ ಸಾಲು–ಕಾಲಂಗಳ ಸ್ಥಿರೀಕರಣ

ಗಣಕಯಂತ್ರದಲ್ಲಿ ಲೆಕ್ಕವಿಡುವ ಪದ್ಧತಿ ಇಂದು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಗೊಬ್ಬರದ ಅಂಗಡಿ, ಅಕ್ಕಿ ಗಿರಣಿ, ಬೆಲ್ಲದ ಮಂಡಿ, ಲಾರಿ ಸಾಗಾಣಿಕೆಯ ಕಚೇರಿ, ನಾಲ್ಕಾರು ಲೇತ್ ಯಂತ್ರಗಳ ಸಣ್ಣ ಕಾರ್ಯಾಗಾರ, ಎಲ್ಲೆಡೆಯೂ ಒಂದಲ್ಲ ಒಂದು ಸ್ಪ್ರೆಡ್‌ಶೀಟ್ ಕಡತ ತೆರೆದಿರುತ್ತದೆ. ಬಹುತೇಕ ಅದು ಮೈಕ್ರೋಸಾಫ್ಟ್ ಎಕ್ಸೆಲ್ ಆಗಿರುತ್ತದೆ. ಕೆಲವೆಡೆ ಗೂಗಲ್ ಶೀಟ್ಸ್, ಇನ್ನು ಕೆಲವೆಡೆ ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್. ಹಾಳೆ ಚಿಕ್ಕದಾಗಿರುವವರೆಗೆ ಯಾವ ತೊಂದರೆಯೂ ಇಲ್ಲ. ಐವತ್ತು ಸಾಲು, ಹತ್ತು ಕಾಲಂ ದಾಟಿತೆಂದರೆ ತೊಡಕು ಆರಂಭವಾಗುತ್ತದೆ. ಕೆಳಗೆ ಸರಿದಂತೆ ಕಾಲಂಗಳ ಶೀರ್ಷಿಕೆ ಮೇಲೆ ಮರೆಯಾಗುತ್ತದೆ. ಬಲಕ್ಕೆ ಸರಿದಂತೆ ಪಾರ್ಟಿಯ ಹೆಸರು ಎಡಕ್ಕೆ ಮರೆಯಾಗುತ್ತದೆ. ಪರದೆಯ ಮೇಲೆ ಉಳಿಯುವುದು ಅಂಕಿಗಳು ಮಾತ್ರ. ಅವು ಯಾರವು, ಯಾವುದಕ್ಕೆ ಸಂಬಂಧಿಸಿದವು ಎಂಬುದನ್ನು ನಿರ್ವಾಹಕರು ನೆನಪಿನ ಬಲದಿಂದ ಊಹಿಸುತ್ತಿರುತ್ತಾರೆ.

ಈ ತೊಡಕನ್ನು ನಿವಾರಿಸಲು ಎಲ್ಲ ಸ್ಪ್ರೆಡ್‌ಶೀಟ್ ತಂತ್ರಾಂಶಗಳಲ್ಲಿಯೂ ಒಂದು ಸೌಲಭ್ಯವಿದೆ. ಇಂಗ್ಲಿಷಿನಲ್ಲಿ ಅದನ್ನು ‘ಫ್ರೀಜ್ ಪೇನ್ಸ್’ ಎನ್ನುತ್ತಾರೆ. ಹೆಪ್ಪುಗಟ್ಟಿಸು ಎಂಬುದು ಅದರ ಶಬ್ದಾರ್ಥವಾದರೂ, ನಮ್ಮ ಕೆಲಸಕ್ಕೆ ‘ಸ್ಥಿರಗೊಳಿಸು’ ಎಂಬ ಮಾತು ಹೆಚ್ಚು ಹೊಂದುತ್ತದೆ. ಆಯ್ದ ಸಾಲುಗಳೂ ಕಾಲಂಗಳೂ ಇದ್ದಲ್ಲಿಯೇ ನಿಲ್ಲುತ್ತವೆ. ಉಳಿದ ಹಾಳೆ ಅವುಗಳ ಅಡಿಯಲ್ಲಿ ಹರಿಯುತ್ತದೆ. ಕಲಿಯಲು ಎರಡು ನಿಮಿಷ ಸಾಕು. ಆದರೂ ವರ್ಷಗಳಿಂದ ಎಕ್ಸೆಲ್ ಬಳಸುತ್ತಿರುವ ಅನೇಕರು ಇದನ್ನು ಬಳಸುವುದಿಲ್ಲ, ಅಥವಾ ಒಮ್ಮೆ ಬಳಸಿ ‘ಸರಿಯಾಗಿ ಕೆಲಸ ಮಾಡಲಿಲ್ಲ’ ಎಂದು ಬಿಟ್ಟಿರುತ್ತಾರೆ. ಕೆಲಸ ಮಾಡದಿರಲು ಕಾರಣ ಸಾಮಾನ್ಯವಾಗಿ ತಂತ್ರಾಂಶದಲ್ಲಿ ಇರುವುದಿಲ್ಲ; ಹಾಳೆಯನ್ನು ಜೋಡಿಸಿರುವ ಕ್ರಮದಲ್ಲಿ ಇರುತ್ತದೆ. ಆದುದರಿಂದ ಗುಂಡಿ ಯಾವುದು ಎಂಬುದಕ್ಕಿಂತ, ಏನನ್ನು ಕಣ್ಣ ಮುಂದೆ ನಿಲ್ಲಿಸಬೇಕು ಎಂಬುದನ್ನೇ ಇಲ್ಲಿ ಹೆಚ್ಚಾಗಿ ಚರ್ಚಿಸಲಾಗಿದೆ.

ಹೊಸ ಕಲ್ಪನೆಯಲ್ಲ

ಕಾಗದದ ಕಾಲದಲ್ಲಿಯೇ ಈ ಉಪಾಯ ಇತ್ತು. ಶಾಲೆಯ ಹಾಜರಿ ಪುಸ್ತಕವನ್ನೋ ಕಾರ್ಮಿಕರ ಹಾಜರಿ ಪಟ್ಟಿಯನ್ನೋ ಗಮನಿಸಿದವರಿಗೆ ಇದು ತಿಳಿದೀತು. ಕೆಲವು ಪುಸ್ತಕಗಳಲ್ಲಿ ಒಂದು ಪೂರ್ಣ ಅಗಲದ ಹಾಳೆಯ ನಂತರ ಹಲವು ಕಿರು ಅಗಲದ ಹಾಳೆಗಳನ್ನು ಹೊಲಿದಿರುತ್ತಾರೆ. ಹೆಸರುಗಳನ್ನು ಪೂರ್ಣ ಹಾಳೆಯ ಅಂಚಿನಲ್ಲಿ ಒಮ್ಮೆ ಬರೆದರೆ ಸಾಕು. ತಿಂಗಳುಗಳು ಕಿರು ಹಾಳೆಗಳಲ್ಲಿ ಮಗುಚುತ್ತಾ ಹೋಗುತ್ತವೆ, ಹೆಸರುಗಳು ಮಾತ್ರ ಕಣ್ಣ ಮುಂದೆಯೇ ಉಳಿಯುತ್ತವೆ. ನಮ್ಮ ಕಿರ್ದಿ–ಖತಾವಣಿಗಳಲ್ಲಿ ಪ್ರತಿ ಪುಟದ ನೆತ್ತಿಯಲ್ಲಿ ಮತ್ತೆ ಮತ್ತೆ ತಲೆಬರಹ ಬರೆಯುತ್ತಿದ್ದುದೂ ಇದೇ ಕಾರಣಕ್ಕೆ. ಪುಟ ಮಗುಚಿದ ನಂತರವೂ ಅಂಕಿಯ ಒಡೆಯ ಯಾರೆಂದು ತಿಳಿಯಬೇಕು, ಅಷ್ಟೆ.

ಗಣಕಯಂತ್ರಕ್ಕೆ ಈ ಸೌಲಭ್ಯ ಬಂದದ್ದು ಸ್ಪ್ರೆಡ್‌ಶೀಟಿನ ಜೊತೆಯಲ್ಲಿಯೇ. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ‘ವಿಸಿಕ್ಯಾಲ್ಕ್’ 1979ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಹಾಳೆ 254 ಸಾಲು, 63 ಕಾಲಂಗಳಷ್ಟೇ ಇತ್ತು. ಆದರೆ ಅಂದಿನ ಪರದೆಯಲ್ಲಿ ಏಕಕಾಲಕ್ಕೆ ಕಾಣುತ್ತಿದ್ದುದು ಅದರ ಬಹಳ ಚಿಕ್ಕ ತುಂಡು. ಹೀಗಾಗಿ ‘ಟೈಟಲ್ಸ್’ ಎಂಬ ಆಜ್ಞೆಯನ್ನು ಅದರಲ್ಲಿ ಒದಗಿಸಲಾಯಿತು. 1983ರ ಲೋಟಸ್ 1-2-3ರಲ್ಲಿಯೂ ಅದೇ ಹೆಸರಿನಲ್ಲಿ ಇದು ಮುಂದುವರಿಯಿತು. ಎಕ್ಸೆಲ್‌ನ 2003ರ ಆವೃತ್ತಿಯವರೆಗೆ ‘ವಿಂಡೋ’ ಪಟ್ಟಿಯಲ್ಲಿದ್ದ ‘ಫ್ರೀಜ್ ಪೇನ್ಸ್’ 2007ರ ಆವೃತ್ತಿಯಿಂದ ‘ವ್ಯೂ’ ಪಟ್ಟಿಗೆ ಸ್ಥಳಾಂತರಗೊಂಡಿತು. ಅದೇ ಆವೃತ್ತಿಯಲ್ಲಿ ಹಾಳೆಯ ಮಿತಿ 65,536 ಸಾಲುಗಳಿಂದ 10,48,576 ಸಾಲುಗಳಿಗೂ, 256 ಕಾಲಂಗಳಿಂದ 16,384 ಕಾಲಂಗಳಿಗೂ ಏರಿತು. ಹಾಳೆ ಇಷ್ಟು ಬೆಳೆದರೂ ಪರದೆ ಬೆಳೆಯಲಿಲ್ಲ ಎಂಬುದನ್ನು ಗಮನಿಸಬೇಕು.

ಮಾಕವಳ್ಳಿಯ ಕಬ್ಬಿನ ಲೆಕ್ಕ

ವಿಷಯ ಸ್ಪಷ್ಟವಾಗಲು ನಮ್ಮ ಸುತ್ತಲಿನದೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿ ಕೋರಮಂಡಲ್ ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಊರು. ಇಂತಹ ಊರಿನ ಸುತ್ತ ರೈತರು ಮಾತ್ರವಲ್ಲ, ಕಟಾವು ಮತ್ತು ಸಾಗಾಣಿಕೆಯ ಗುತ್ತಿಗೆದಾರರು, ಟ್ರ್ಯಾಕ್ಟರ್ ಮಾಲೀಕರು, ಡೀಸೆಲ್, ಟೈರು, ಬಿಡಿಭಾಗಗಳ ವ್ಯಾಪಾರಿಗಳು, ಗೊಬ್ಬರವನ್ನು ಸಾಲಕ್ಕೆ ಕೊಟ್ಟು ಹಂಗಾಮಿನಲ್ಲಿ ವಸೂಲಿಗೆ ಕಾಯುವ ಅಂಗಡಿಕಾರರು, ಎಲ್ಲರೂ ಕಬ್ಬಿನ ಲೆಕ್ಕವನ್ನು ಒಂದಲ್ಲ ಒಂದು ರೂಪದಲ್ಲಿ ಇಡಬೇಕಾಗುತ್ತದೆ.

ಒಬ್ಬ ಸಾಗಾಣಿಕೆ ಗುತ್ತಿಗೆದಾರ ತನ್ನ ಅನುಕೂಲಕ್ಕೆಂದು ಇಡುವ ಹಾಳೆಯನ್ನು ಕಲ್ಪಿಸಿಕೊಳ್ಳಿ. ಮೊದಲ ಸಾಲಿನಲ್ಲಿ ಸಂಸ್ಥೆಯ ಹೆಸರು, ಎರಡನೆಯದರಲ್ಲಿ ಹಂಗಾಮಿನ ವರ್ಷ, ಮೂರನೆಯದರಲ್ಲಿ ಕಾಲಂಗಳ ಶೀರ್ಷಿಕೆ. ನಂತರ ದಿನಕ್ಕೆ ಹತ್ತಾರು ಲೋಡುಗಳಂತೆ ಸಾಲುಗಳು ಬೆಳೆಯುತ್ತವೆ. ಅಡ್ಡಲಾಗಿ ರೈತನ ಸಂಕೇತ ಸಂಖ್ಯೆ, ಹೆಸರು, ತಂದೆಯ ಹೆಸರು, ಗ್ರಾಮ, ಕಟಾವಿನ ದಿನಾಂಕ, ವಾಹನ ಸಂಖ್ಯೆ, ತೂಕದ ಚೀಟಿ ಸಂಖ್ಯೆ, ಒಟ್ಟು ತೂಕ, ಖಾಲಿ ವಾಹನದ ತೂಕ, ನಿವ್ವಳ ತೂಕ, ಕಟಾವು ಕೂಲಿ, ಸಾಗಾಣಿಕೆ ದರ, ಮುಂಗಡ, ಕಡಿತ, ಬಾಕಿ. ಹದಿನೈದು ಕಾಲಂ ಆಯಿತು. ಸಾಧಾರಣ ಲ್ಯಾಪ್‌ಟಾಪ್ ಪರದೆಯಲ್ಲಿ ಇಷ್ಟೂ ಒಮ್ಮೆಗೇ ಕಾಣುವುದು ಕಷ್ಟ.

ಒಂದು ಲೋಡಿನ ಒಟ್ಟು ತೂಕ 24,360 ಕಿಲೋ, ಖಾಲಿ ವಾಹನ 6,120 ಕಿಲೋ, ನಿವ್ವಳ 18,240 ಕಿಲೋ ಎಂದಿಟ್ಟುಕೊಳ್ಳೋಣ. 2025-26ನೇ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ, ಶೇಕಡ 10.25ರ ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಆ ದರದಲ್ಲಿ ಈ ಲೋಡಿನ ಮೌಲ್ಯ 64,752 ರೂಪಾಯಿ. ಶೀರ್ಷಿಕೆ ಕಾಣದೆ ನಿವ್ವಳದ ಬದಲು ಒಟ್ಟು ತೂಕದ ಕಾಲಂ ಓದಿದರೆ ಅದು 86,478 ರೂಪಾಯಿ ಆಗುತ್ತದೆ. ಒಂದೇ ಲೋಡಿಗೆ 21,726 ರೂಪಾಯಿಗಳ ವ್ಯತ್ಯಾಸ. ಇನ್ನು ಹೆಸರು ಕಾಣದೆ ಕಣ್ಣು ಒಂದು ಸಾಲು ಕೆಳಗೆ ಜಾರಿ, ನೆರೆಯವರ 15,420 ಕಿಲೋ ಓದಿದರೆ ರೈತನಿಗೆ 10,011 ರೂಪಾಯಿ ಕಡಿಮೆ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಅಪಾಯಕಾರಿ ಎಂದು ನಮ್ಮ ಭಾವನೆ. 24 ಟನ್ ನಿವ್ವಳವೆಂದು ಯಾರಾದರೂ ಹೇಳಿದರೆ ಅನುಭವಸ್ಥರು ಕೂಡಲೇ ತಲೆ ಎತ್ತಿ ನೋಡುತ್ತಾರೆ. 15 ಟನ್ ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ; ಅದು ನಂಬಬಹುದಾದ ಅಂಕಿ.

ದಿನಾಂಕದ ಕಾಲಂ ವಿಷಯವೂ ಹೀಗೆಯೇ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಪಾವತಿಸಬೇಕು. ತಡವಾದರೆ ವಾರ್ಷಿಕ ಶೇಕಡ 15ರಂತೆ ಬಡ್ಡಿ ಸೇರಬೇಕು. ಮೇಲಿನ 64,752 ರೂಪಾಯಿಗೆ ಅದು ದಿನಕ್ಕೆ ಸುಮಾರು 26 ರೂಪಾಯಿ 61 ಪೈಸೆ. ಈ ಲೆಕ್ಕ ಹಾಕುವವರಿಗೆ ಬೇಕಾದ ಪೂರೈಕೆಯ ದಿನಾಂಕ ಹಾಳೆಯ ಎಡಭಾಗದಲ್ಲಿಯೂ, ಬಾಕಿಯ ಮೊತ್ತ ಬಲತುದಿಯಲ್ಲಿಯೂ ಇರುತ್ತದೆ. ನಡುವೆ ಹತ್ತು ಕಾಲಂಗಳ ಅಂತರ.

ಹೆಸರೊಂದೇ ಸಾಲದು

ಇಲ್ಲಿ ನಮ್ಮ ಪ್ರದೇಶಕ್ಕೆ ವಿಶೇಷವಾದ ಒಂದು ಮಾತನ್ನು ಹೇಳಲೇಬೇಕು. ತಂತ್ರಾಂಶದ ಪಠ್ಯಪುಸ್ತಕಗಳು ‘ಮೊದಲ ಕಾಲಂ ಸ್ಥಿರಗೊಳಿಸಿ’ ಎಂದು ಹೇಳಿ ಮುಗಿಸುತ್ತವೆ. ಆದರೆ ಮಂಡ್ಯ ಜಿಲ್ಲೆಯ ಯಾವುದೇ ಹೋಬಳಿಯ ರೈತರ ಪಟ್ಟಿ ತೆಗೆದು ನೋಡಿ. ನಂಜೇಗೌಡ, ಕೃಷ್ಣೇಗೌಡ, ಪುಟ್ಟಸ್ವಾಮಿ, ಜಯಮ್ಮ ಎಂಬ ಹೆಸರುಗಳು ಒಂದೇ ಪಟ್ಟಿಯಲ್ಲಿ ಎಷ್ಟು ಬಾರಿ ಬರುತ್ತವೆಯೋ ಎಣಿಸುವುದು ಕಷ್ಟ. ತಂದೆಯ ಹೆಸರು ಸೇರಿಸಿದರೂ ಕೆಲವೊಮ್ಮೆ ಬಗೆಹರಿಯುವುದಿಲ್ಲ. ‘ಕೃಷ್ಣೇಗೌಡ ಬಿನ್ ನಂಜೇಗೌಡ’ ಒಬ್ಬರಿಗಿಂತ ಹೆಚ್ಚು ಇರಬಹುದು. ಗ್ರಾಮ ಸೇರಿಸೋಣವೆಂದರೆ ಹೊಸಹಳ್ಳಿಗಳೂ ಕೊಪ್ಪಲುಗಳೂ ಜಿಲ್ಲೆಯ ತುಂಬ ಇವೆ. ಹೀಗಿರುವಾಗ ಹೆಸರಿನ ಕಾಲಂ ಒಂದನ್ನೇ ನಿಲ್ಲಿಸಿದರೆ ಸಾಲು ಸರಿಯಾಗಿದೆ ಎಂಬ ಸುಳ್ಳು ಧೈರ್ಯ ಬರುತ್ತದೆಯೇ ಹೊರತು ಸಾಲು ಸರಿಯಾಗಿರುತ್ತದೆ ಎಂಬ ಖಾತರಿ ಇರುವುದಿಲ್ಲ.

ಆದುದರಿಂದ ಸ್ಥಿರಗೊಳಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಸಾಲು ಯಾರದೆಂದು ಸಂಶಯಕ್ಕೆ ಎಡೆಯಿಲ್ಲದೆ ಹೇಳುವುದು ಯಾವ ಕಾಲಂ? ಕಬ್ಬಿನ ಲೆಕ್ಕದಲ್ಲಿ ಅದು ರೈತನ ಸಂಕೇತ ಸಂಖ್ಯೆ. ಸರಕು ಮತ್ತು ಸೇವಾ ತೆರಿಗೆಯ ಲೆಕ್ಕದಲ್ಲಿ ಅದು ಹದಿನೈದು ಅಕ್ಷರ–ಅಂಕಿಗಳ ನೋಂದಣಿ ಸಂಖ್ಯೆ; ‘ಶ್ರೀ ಮಂಜುನಾಥ ಟ್ರೇಡರ್ಸ್’ ಎಂಬ ಫಲಕ ಎಷ್ಟು ಊರುಗಳಲ್ಲಿ ಇಲ್ಲ? ದಾಸ್ತಾನಿನಲ್ಲಿ ಅದು ವಸ್ತುವಿನ ಸಂಕೇತ. ಬೆಲ್ಲದ ಮಂಡಿಯಲ್ಲಿ ಲಾಟಿನ ಸಂಖ್ಯೆ. ಏಕೆಂದರೆ ಒಬ್ಬನೇ ರೈತ ಒಂದೇ ದಿನ ಅಚ್ಚು ಬೆಲ್ಲವನ್ನೂ ಬಕೆಟ್ ಬೆಲ್ಲವನ್ನೂ ಬೇರೆ ಬೇರೆ ದರಕ್ಕೆ ಮಾರಿರಬಹುದು. ಈ ಗುರುತಿನ ಕಾಲಂ ಹಾಳೆಯ ನಡುವೆ ಎಲ್ಲೋ ಇದ್ದರೆ ಮೊದಲು ಅದನ್ನು ಎಡತುದಿಗೆ ತರಬೇಕು. ಅದರ ಪಕ್ಕದಲ್ಲಿ ಮನುಷ್ಯರ ಕಣ್ಣಿಗೆ ಬೇಕಾದ ಹೆಸರು, ಅಗತ್ಯವಿದ್ದರೆ ತಂದೆಯ ಹೆಸರು ಮತ್ತು ಗ್ರಾಮ. ಅಲ್ಲಿಗೆ ನಿಲ್ಲಿಸಬೇಕು.

ಮಾಡುವ ಕ್ರಮ

ನಮ್ಮ ಉದಾಹರಣೆಯ ಹಾಳೆಯಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಕಾಲಂಗಳೂ, ಮೇಲಿನ ಮೂರು ಸಾಲುಗಳೂ ನಿಲ್ಲಬೇಕು. ನಿಯಮ ಸರಳ: ಯಾವ ಕೋಶವನ್ನು ಆಯ್ಕೆ ಮಾಡಿರುವಿರೋ ಅದರ ಮೇಲಿನದು ಮತ್ತು ಎಡಗಡೆಯದು ಸ್ಥಿರವಾಗುತ್ತದೆ. ಹಾಗಾಗಿ ಇ ಕಾಲಂನ ನಾಲ್ಕನೇ ಸಾಲಿನ ಕೋಶ, ಅಂದರೆ ‘ಇ4’ ಮೇಲೆ ಒತ್ತಿ, ‘ವ್ಯೂ’ ಪಟ್ಟಿಯಲ್ಲಿ ‘ಫ್ರೀಜ್ ಪೇನ್ಸ್’ ತೆರೆದು, ಅದರೊಳಗಿನ ಮೊದಲ ಆಯ್ಕೆಯಾದ ‘ಫ್ರೀಜ್ ಪೇನ್ಸ್’ ಒತ್ತಬೇಕು. ಕೀಲಿಮಣೆಯಲ್ಲಿಯೇ ಮಾಡಬಯಸುವವರು ‘ಆಲ್ಟ್’ ಒತ್ತಿ, ನಂತರ ಒಂದಾದ ಮೇಲೊಂದರಂತೆ ಡಬ್ಲ್ಯು, ಎಫ್, ಎಫ್ ಒತ್ತಬಹುದು. ತೆಳುವಾದ ಒಂದು ಗೆರೆ ಅಡ್ಡಲಾಗಿಯೂ ಒಂದು ಉದ್ದಕ್ಕೂ ಕಾಣಿಸಿಕೊಳ್ಳುತ್ತದೆ. ತೆಗೆಯಬೇಕೆಂದರೆ ಅದೇ ಜಾಗದಲ್ಲಿ ‘ಅನ್‌ಫ್ರೀಜ್ ಪೇನ್ಸ್’ ಎಂದಿರುತ್ತದೆ.

ಅದೇ ಪಟ್ಟಿಯಲ್ಲಿ ‘ಫ್ರೀಜ್ ಟಾಪ್ ರೋ’ ಮತ್ತು ‘ಫ್ರೀಜ್ ಫಸ್ಟ್ ಕಾಲಂ’ ಎಂಬ ಇನ್ನೆರಡು ಸಿದ್ಧ ಆಯ್ಕೆಗಳಿವೆ. ಬಹಳ ಜನ ನಿರಾಶರಾಗುವುದು ಇಲ್ಲಿಯೇ. ‘ಟಾಪ್ ರೋ’ ಒತ್ತಿದರೆ ನಿಲ್ಲುವುದು ಒಂದೇ ಸಾಲು. ನಮ್ಮ ವ್ಯಾಪಾರಿಗಳ ಹಾಳೆಗಳಲ್ಲಿ ಮೊದಲ ಸಾಲಿನಲ್ಲಿ ಶೀರ್ಷಿಕೆ ಇರುವುದು ಅಪರೂಪ. ದೊಡ್ಡಕ್ಷರದಲ್ಲಿ ಅಂಗಡಿಯ ಹೆಸರೋ ದೇವರ ಹೆಸರೋ ಇರುತ್ತದೆ. ಪರಿಣಾಮವಾಗಿ ಅಂಗಡಿಯ ಹೆಸರು ಸ್ಥಿರವಾಗಿ ನಿಂತು, ಬೇಕಾದ ಶೀರ್ಷಿಕೆಗಳು ಮಾತ್ರ ಸರಿದು ಹೋಗುತ್ತವೆ. ಬೆಂಗಳೂರಿನ ಟ್ಯಾಲಿ ತಂತ್ರಾಂಶದಿಂದ ಎಕ್ಸೆಲ್‌ಗೆ ಇಳಿಸಿದ ವರದಿಗಳಲ್ಲಿಯೂ ಮೊದಲಿಗೆ ಸಂಸ್ಥೆಯ ಹೆಸರು, ವಿಳಾಸ, ಅವಧಿ ಬಂದು, ಶೀರ್ಷಿಕೆ ಅದರ ಕೆಳಗೆ ಇರುವುದೇ ಸಾಮಾನ್ಯ. ಇನ್ನೊಂದು ಮಾತು: ಈ ಎರಡು ಸಿದ್ಧ ಆಯ್ಕೆಗಳನ್ನು ಒಟ್ಟಿಗೆ ಬಳಸಲಾಗುವುದಿಲ್ಲ. ಒಂದನ್ನು ಒತ್ತಿದರೆ ಇನ್ನೊಂದು ಬಿಟ್ಟುಹೋಗುತ್ತದೆ. ಸಾಲು, ಕಾಲಂ ಎರಡೂ ಬೇಕಾದವರಿಗೆ ಕೋಶ ಆಯ್ದು ಮಾಡುವ ಮೊದಲ ಕ್ರಮವೇ ಸರಿ.

ಗೂಗಲ್ ಶೀಟ್ಸ್‌ನಲ್ಲಿ ‘ವ್ಯೂ’ ಪಟ್ಟಿಯ ‘ಫ್ರೀಜ್’ ಅಡಿಯಲ್ಲಿ ಎಷ್ಟನೇ ಸಾಲಿನವರೆಗೆ, ಯಾವ ಕಾಲಂವರೆಗೆ ಎಂದು ಪ್ರತ್ಯೇಕವಾಗಿ ಸೂಚಿಸಬೇಕು. ಹಾಳೆಯ ಎಡ ಮೇಲ್ಮೂಲೆಯ ದಪ್ಪ ಬೂದು ಗೆರೆಯನ್ನು ಎಳೆದು ತಂದರೂ ಆಗುತ್ತದೆ. ಲಿಬ್ರೆ ಆಫೀಸ್‌ನಲ್ಲಿ ಎಕ್ಸೆಲ್‌ನಂತೆಯೇ ಕೋಶ ಆಯ್ದು, ‘ವ್ಯೂ’ ಪಟ್ಟಿಯ ‘ಫ್ರೀಜ್ ರೋಸ್ ಅಂಡ್ ಕಾಲಮ್ಸ್’ ಒತ್ತಿದರೆ ಸಾಕು; ಮತ್ತೊಮ್ಮೆ ಒತ್ತಿದರೆ ಬಿಡುಗಡೆ.

ಆಯ್ಕೆಯೇ ಮಸುಕಾಗಿ, ಒತ್ತಲು ಬಾರದಂತಿದ್ದರೆ ಎರಡು ಕಾರಣ ನೋಡಬೇಕು. ಯಾವುದಾದರೂ ಕೋಶದಲ್ಲಿ ಬರೆಯುವುದನ್ನು ಅರ್ಧಕ್ಕೆ ಬಿಟ್ಟಿದ್ದೀರಾ? ‘ಎಂಟರ್’ ಒತ್ತಿ ಮುಗಿಸಿ. ಹಾಳೆ ‘ಪೇಜ್ ಲೇಔಟ್’ ನೋಟದಲ್ಲಿದೆಯೇ? ‘ನಾರ್ಮಲ್’ ನೋಟಕ್ಕೆ ಮರಳಿ.

ಮರೆಯಾಗಿ ಸಿಕ್ಕಿಕೊಳ್ಳುವ ಸಾಲುಗಳು

ಈ ಸೌಲಭ್ಯದಿಂದಲೇ ಉಂಟಾಗಬಹುದಾದ ಒಂದು ತೊಡಕನ್ನು ಪ್ರತ್ಯೇಕವಾಗಿ ಹೇಳುವುದು ಅವಶ್ಯ. ಎಕ್ಸೆಲ್ ಸ್ಥಿರಗೊಳಿಸುವುದು ಹಾಳೆಯ ಆರಂಭದಿಂದಲ್ಲ, ಆ ಕ್ಷಣದಲ್ಲಿ ಪರದೆಯ ಮೇಲೆ ಕಾಣುತ್ತಿರುವ ಭಾಗದಿಂದ. ನೀವು ನಲವತ್ತು ಸಾಲು ಕೆಳಗೆ ಸರಿದಿರುವಾಗ ಅಲ್ಲಿಯೇ ಒಂದು ಕೋಶ ಆಯ್ದು ಸ್ಥಿರಗೊಳಿಸಿದರೆ, ಮೇಲಿನ ನಲವತ್ತು ಸಾಲುಗಳು ಗೆರೆಯ ಆಚೆ ಸಿಕ್ಕಿಕೊಳ್ಳುತ್ತವೆ. ಎಷ್ಟು ಮೇಲೆ ಸರಿಸಿದರೂ ಅವು ಕಾಣುವುದಿಲ್ಲ. ಅವು ಅಳಿಸಿಹೋಗಿಲ್ಲ, ಕೆಳಗಿನ ಮೊತ್ತದಲ್ಲಿ ಸೇರಿಕೊಂಡೇ ಇವೆ. ಕಾಣುವ ಸಾಲುಗಳನ್ನು ಕೈಯಲ್ಲಿ ಕೂಡಿಸಿದವರಿಗೆ ಒಂದು ಮೊತ್ತ, ಯಂತ್ರ ತೋರಿಸುವುದು ಇನ್ನೊಂದು ಮೊತ್ತ. ಲೆಕ್ಕ ತಾಳೆಯಾಗದೆ ‘ಯಂತ್ರವೇ ತಪ್ಪು’ ಎಂಬ ತೀರ್ಮಾನಕ್ಕೆ ಬರುವ ಸಂದರ್ಭಗಳಲ್ಲಿ ಇದೂ ಒಂದು.

ಪರೀಕ್ಷಿಸುವುದು ಸುಲಭ. ಎಡತುದಿಯ ಸಾಲು ಸಂಖ್ಯೆಗಳು 1ರಿಂದ ಆರಂಭವಾಗಿವೆಯೇ ನೋಡಿ. ಇಲ್ಲದಿದ್ದರೆ ಸ್ಥಿರೀಕರಣ ತೆಗೆದು, ‘ಕಂಟ್ರೋಲ್’ ಮತ್ತು ‘ಹೋಮ್’ ಕೀಲಿಗಳನ್ನು ಒಟ್ಟಿಗೆ ಒತ್ತಿ ಹಾಳೆಯ ಆರಂಭಕ್ಕೆ ಬಂದು, ಮತ್ತೆ ಸ್ಥಿರಗೊಳಿಸಿ. ಬೇರೆಯವರಿಂದ ಬಂದ ಕಡತವನ್ನು ತೆರೆದಾಗಲೆಲ್ಲ ಈ ಒಂದು ನೋಟ ಹರಿಸುವ ಅಭ್ಯಾಸ ಒಳ್ಳೆಯದು.

ನಿಲ್ಲಿಸುವುದು ಬೇರೆ, ಬೀಗ ಹಾಕುವುದು ಬೇರೆ

‘ಫ್ರೀಜ್’ ಎಂಬ ಶಬ್ದ ಕೇಳಿ, ಆ ಸಾಲು–ಕಾಲಂಗಳು ಇನ್ನು ಬದಲಾಗವು ಎಂದು ಭಾವಿಸುವವರಿದ್ದಾರೆ. ಹಾಗಲ್ಲ. ಇದು ನೋಟಕ್ಕೆ ಸಂಬಂಧಿಸಿದ ವ್ಯವಸ್ಥೆ ಮಾತ್ರ. ಸ್ಥಿರವಾದ ಶೀರ್ಷಿಕೆಯನ್ನು ಯಾರು ಬೇಕಾದರೂ ಅಳಿಸಬಹುದು, ತಿದ್ದಬಹುದು. ತಿದ್ದುವುದನ್ನು ತಡೆಯಬೇಕಾದರೆ ‘ರಿವ್ಯೂ’ ಪಟ್ಟಿಯ ‘ಪ್ರೊಟೆಕ್ಟ್ ಶೀಟ್’ ಬಳಸಬೇಕು. ಸೂತ್ರಗಳಲ್ಲಿ ಡಾಲರ್ ಚಿಹ್ನೆ ಹಾಕಿ ಕೋಶವನ್ನು ಕದಲದಂತೆ ಮಾಡುವುದು ಮೂರನೆಯದೇ ಸಂಗತಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಈ ವ್ಯತ್ಯಾಸ ತಿಳಿಯದಿದ್ದರೆ ಆಗಬಹುದಾದ ಅನಾಹುತ ವಿಂಗಡಣೆಯ ಸಮಯದಲ್ಲಿ. ಹೆಸರುಗಳು ಗೆರೆಯ ಎಡಕ್ಕೆ ಗಟ್ಟಿಯಾಗಿ ನಿಂತಿವೆ. ನಿರ್ವಾಹಕರು ಬಲಭಾಗದ ಅಂಕಿಗಳ ಕಾಲಂಗಳನ್ನಷ್ಟೇ ಆಯ್ದು, ಬಾಕಿಯ ಇಳಿಕೆಯ ಕ್ರಮದಲ್ಲಿ ವಿಂಗಡಿಸುತ್ತಾರೆ. ಅಂಕಿಗಳು ಸ್ಥಾನ ಬದಲಿಸುತ್ತವೆ, ಹೆಸರುಗಳು ಬದಲಿಸುವುದಿಲ್ಲ. ಕ್ಷಣಾರ್ಧದಲ್ಲಿ ಊರಿನವರ ಬಾಕಿಯೆಲ್ಲ ಅದಲು ಬದಲು. ಒಂದೇ ಕಾಲಂ ಆಯ್ದಿದ್ದರೆ ಎಕ್ಸೆಲ್ ‘ಪಕ್ಕದ ಕಾಲಂಗಳನ್ನೂ ಸೇರಿಸಲೇ?’ ಎಂದು ಎಚ್ಚರಿಸುತ್ತದೆ. ಹಲವು ಕಾಲಂಗಳನ್ನು ಆಯ್ದಿದ್ದರೆ ಆ ಎಚ್ಚರಿಕೆಯೂ ಬರುವುದಿಲ್ಲ. ಒಟ್ಟು ಮೊತ್ತ ಮೊದಲಿನಷ್ಟೇ ಇರುವುದರಿಂದ ತಾಳೆ ನೋಡಿದರೂ ತಪ್ಪು ಸಿಕ್ಕುವುದಿಲ್ಲ. ಆದುದರಿಂದ ವಿಂಗಡಿಸುವಾಗ ದತ್ತಾಂಶದೊಳಗಿನ ಒಂದೇ ಒಂದು ಕೋಶವನ್ನು ಒತ್ತಿ, ವ್ಯಾಪ್ತಿಯನ್ನು ತಂತ್ರಾಂಶವೇ ಗುರುತಿಸಲು ಬಿಡುವುದು ಕ್ಷೇಮ. ಹೆಸರಿಗೂ ಅಂಕಿಗೂ ನಡುವೆ ಅಂದಕ್ಕಾಗಿ ಖಾಲಿ ಕಾಲಂ ಬಿಡುವ ಪದ್ಧತಿ ನಮ್ಮಲ್ಲಿದೆ, ಅದನ್ನು ಕೈಬಿಡಬೇಕು. ಖಾಲಿ ಕಾಲಂ ಕಂಡೊಡನೆ ಹಾಳೆ ಅಲ್ಲಿಗೇ ಮುಗಿಯಿತೆಂದು ಎಕ್ಸೆಲ್ ತಿಳಿಯುತ್ತದೆ.

ಸಾಲುಗಳು ಹೊಂದಿಕೆ ತಪ್ಪಿದರೆ ದೊಡ್ಡ ಸಂಸ್ಥೆಗಳೂ ಎಷ್ಟು ತೆರಬೇಕಾಗುತ್ತದೆ ಎಂಬುದಕ್ಕೆ ಕೆನಡಾ ದೇಶದ ಟ್ರಾನ್ಸ್‌ಆಲ್ಟಾ ವಿದ್ಯುತ್ ಸಂಸ್ಥೆಯ ಪ್ರಕರಣವನ್ನು ಇಂದಿಗೂ ಉದಾಹರಿಸುತ್ತಾರೆ. ವಿದ್ಯುತ್ ಸಾಗಣೆಯ ಗುತ್ತಿಗೆಗೆ ಸಲ್ಲಿಸಿದ ಬಿಡ್‌ನ ಎಕ್ಸೆಲ್ ಹಾಳೆಯಲ್ಲಿ ಕತ್ತರಿಸಿ ಅಂಟಿಸುವಾಗ ಸಾಲುಗಳು ಜಾರಿದ್ದರಿಂದ, ಅಗತ್ಯಕ್ಕಿಂತ ಹೆಚ್ಚಿನ ದರಕ್ಕೆ ಗುತ್ತಿಗೆ ಪಡೆದಂತಾಗಿ 2.4 ಕೋಟಿ ಅಮೆರಿಕನ್ ಡಾಲರ್ ನಷ್ಟವಾಯಿತೆಂದು ಆ ಸಂಸ್ಥೆ 2003ರಲ್ಲಿ ಪ್ರಕಟಿಸಿತು. ಸ್ಥಿರೀಕರಣ ಇದ್ದಿದ್ದರೆ ಅದು ತಪ್ಪುತ್ತಿತ್ತು ಎಂದು ಹೇಳಲಾಗದು. ಜಾರಿದ ಸಾಲನ್ನು ಅದು ಸರಿಪಡಿಸುವುದಿಲ್ಲ. ಹೆಸರನ್ನೂ ಅಂಕಿಯನ್ನೂ ಒಟ್ಟಿಗೆ ಕಣ್ಣ ಮುಂದಿಟ್ಟು, ಮೂಲ ಚೀಟಿಯೊಂದಿಗೆ ಹೋಲಿಸಲು ಅವಕಾಶ ಕೊಡುತ್ತದೆ. ಹೋಲಿಸುವ ಕೆಲಸ ನಮ್ಮದೇ.

ತೆರಿಗೆ ಮತ್ತು ವಸೂಲಿಯ ಹಾಳೆಗಳು

ಕಬ್ಬಿಗೆ ಸಂಬಂಧವಿಲ್ಲದ ಸದಸ್ಯರಿಗೂ ಇದರ ಅಗತ್ಯ ಹೆಚ್ಚಾಗಿ ಬೀಳುವ ಎರಡು ಸಂದರ್ಭಗಳಿವೆ. ಮೊದಲನೆಯದು ಸರಕು ಮತ್ತು ಸೇವಾ ತೆರಿಗೆಯ ಜಿಎಸ್‌ಟಿಆರ್-2ಬಿ ಪಟ್ಟಿ. 2020ರ ಆಗಸ್ಟ್ ತಿಂಗಳ ಲೆಕ್ಕದಿಂದ ಆರಂಭವಾದ ಈ ಪಟ್ಟಿಯನ್ನು ಜಾಲತಾಣದಿಂದ ಎಕ್ಸೆಲ್ ರೂಪದಲ್ಲಿ ಇಳಿಸಿಕೊಂಡು, ನಮ್ಮ ಖರೀದಿ ಪುಸ್ತಕದೊಂದಿಗೆ ತಾಳೆ ನೋಡಬೇಕಾಗುತ್ತದೆ. ಅದರಲ್ಲಿ ಶೀರ್ಷಿಕೆ ಒಂದೇ ಸಾಲಿನಲ್ಲಿ ಇರುವುದಿಲ್ಲ. ಮೇಲೆ ಗುಂಪಿನ ಶೀರ್ಷಿಕೆ, ಕೆಳಗೆ ಉಪಶೀರ್ಷಿಕೆ, ನಡುವೆ ಒಟ್ಟುಗೂಡಿಸಿದ ಕೋಶಗಳು. ಇಲ್ಲಿ ಉಪಶೀರ್ಷಿಕೆಯೂ ನಿಲ್ಲುವಂತೆ, ಮೊದಲ ದತ್ತಾಂಶದ ಸಾಲಿನಲ್ಲಿ ಕೋಶ ಆಯ್ದು ಸ್ಥಿರಗೊಳಿಸಬೇಕು. ಇಲ್ಲದಿದ್ದರೆ ಕೇಂದ್ರ ತೆರಿಗೆ ಯಾವುದು, ರಾಜ್ಯ ತೆರಿಗೆ ಯಾವುದು ಎಂಬುದು ಗೊಂದಲವಾಗುತ್ತದೆ. ಆ ಎರಡರ ಮೊತ್ತ ಒಂದೇ ಆಗಿರುವುದರಿಂದ ಗೊಂದಲ ಹಾನಿ ಮಾಡದಿರಬಹುದು. ಆದರೆ ತೆರಿಗೆಯ ಮೌಲ್ಯಕ್ಕೂ ಬಿಲ್ಲಿನ ಒಟ್ಟು ಮೌಲ್ಯಕ್ಕೂ ಗೊಂದಲವಾದರೆ ಹಾನಿ ಖಚಿತ.

ಎರಡನೆಯದು ವಸೂಲಿ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ಅತಿಸಣ್ಣ ಹಾಗೂ ಸಣ್ಣ ಪೂರೈಕೆದಾರರಿಗೆ ಕೊಳ್ಳುವವರು ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಇದನ್ನು ಕೇಳಬೇಕಾದರೆ ಬಿಲ್ಲಿನ ಸಂಖ್ಯೆ, ಸರಕು ಒಪ್ಪಿಕೊಂಡ ದಿನಾಂಕ ಮತ್ತು ಬಾಕಿ ಒಂದೇ ನೋಟದಲ್ಲಿ ಕೈಗೆ ಸಿಗಬೇಕು. ದೂರವಾಣಿಯಲ್ಲಿ ಕೊಳ್ಳುವವರು ಎದುರಿಗಿರುವಾಗ ಹಾಳೆಯನ್ನು ಎಡಕ್ಕೂ ಬಲಕ್ಕೂ ಸರಿಸುತ್ತಾ ‘ಒಂದು ನಿಮಿಷ’ ಎನ್ನುವವರ ಮಾತಿಗೆ ತೂಕ ಕಡಿಮೆ.

ಮುದ್ರಣ, ಮತ್ತು ಸಣ್ಣ ಪರದೆ

ಪರದೆಯ ಮೇಲೆ ನಿಂತ ಶೀರ್ಷಿಕೆ ಕಾಗದದ ಮೇಲೆ ತಾನಾಗಿ ಬರುವುದಿಲ್ಲ. ಬ್ಯಾಂಕಿಗೋ ಲೆಕ್ಕಪರಿಶೋಧಕರಿಗೋ ಕೊಡಲು ಹತ್ತು ಪುಟ ಮುದ್ರಿಸಿದರೆ ಮೊದಲ ಪುಟದಲ್ಲಿ ಮಾತ್ರ ಶೀರ್ಷಿಕೆ ಇದ್ದು, ಉಳಿದ ಒಂಬತ್ತು ಪುಟಗಳು ಬೋಳಾಗಿರುತ್ತವೆ. ಎಕ್ಸೆಲ್‌ನ ‘ಪೇಜ್ ಲೇಔಟ್’ ಪಟ್ಟಿಯಲ್ಲಿ ‘ಪ್ರಿಂಟ್ ಟೈಟಲ್ಸ್’ ತೆರೆದು, ‘ರೋಸ್ ಟು ರಿಪೀಟ್ ಅಟ್ ಟಾಪ್’ ಎಂಬಲ್ಲಿ ಶೀರ್ಷಿಕೆಯ ಸಾಲನ್ನೂ, ‘ಕಾಲಮ್ಸ್ ಟು ರಿಪೀಟ್ ಅಟ್ ಲೆಫ್ಟ್’ ಎಂಬಲ್ಲಿ ಗುರುತಿನ ಕಾಲಂಗಳನ್ನೂ ಸೂಚಿಸಬೇಕು. ಒಮ್ಮೆ ಸೂಚಿಸಿ ಕಡತವನ್ನು ಉಳಿಸಿದರೆ ಮುಂದೆ ಪ್ರತಿ ಬಾರಿಯೂ ಅನ್ವಯವಾಗುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಮುದ್ರಣದ ಪುಟದಲ್ಲಿಯೇ, ಸ್ಥಿರ ಸಾಲುಗಳನ್ನು ಪುನರಾವರ್ತಿಸುವ ಆಯ್ಕೆ ಇದೆ.

ಕನ್ನಡದಲ್ಲಿ ಶೀರ್ಷಿಕೆ ಬರೆಯುವವರಿಗೆ ಒಂದು ಸಲಹೆ. ‘ಖಾಲಿ ವಾಹನದ ತೂಕ ಕಿಲೋಗ್ರಾಂಗಳಲ್ಲಿ’ ಎಂದು ಪೂರ್ಣವಾಗಿ ಬರೆದು, ಕಾಲಂ ಕಿರಿದಾದ್ದರಿಂದ ಅದನ್ನು ನಾಲ್ಕು ಗೆರೆಗಳಾಗಿ ಮಡಿಸಿದರೆ ಶೀರ್ಷಿಕೆಯ ಸಾಲೇ ಪರದೆಯ ಕಾಲು ಭಾಗ ನುಂಗುತ್ತದೆ. ಅದರ ಮೇಲೆ ಅಂಗಡಿಯ ಹೆಸರು, ವಿಳಾಸ, ದೂರವಾಣಿ ಸೇರಿ ಎಲ್ಲವೂ ಸ್ಥಿರವಾದರೆ ದತ್ತಾಂಶಕ್ಕೆ ಉಳಿಯುವುದು ನಾಲ್ಕಾರು ಸಾಲಿನ ಜಾಗ. ‘ಒ. ತೂಕ’, ‘ಖಾ. ತೂಕ’, ‘ನಿ. ತೂಕ’ ಎಂಬಂತೆ ಕಿರಿದಾಗಿ ಬರೆದು, ವಿವರಣೆಯನ್ನು ಬೇರೊಂದು ಹಾಳೆಯಲ್ಲಿ ಕೊಡಬಹುದು. ಸಂಸ್ಥೆಯ ಹೆಸರು, ವಿಳಾಸಗಳನ್ನು ಹಾಳೆಯಿಂದಲೇ ತೆಗೆದು, ಮುದ್ರಣದ ‘ಹೆಡರ್’ ಭಾಗಕ್ಕೆ ಸೇರಿಸುವುದು ಇನ್ನೂ ಉತ್ತಮ. ಆಗ ಶೀರ್ಷಿಕೆ ಮೊದಲ ಸಾಲಿಗೇ ಬರುತ್ತದೆ. ‘ಟಾಪ್ ರೋ’ ಎಂಬ ಸಿದ್ಧ ಆಯ್ಕೆಯೂ ಉಪಯೋಗಕ್ಕೆ ಬರುತ್ತದೆ. ಇದನ್ನೂ ಮಾಡಲು ಬೇಸರವಿರುವವರು ದತ್ತಾಂಶದ ಒಂದು ಕೋಶದಲ್ಲಿದ್ದು ‘ಕಂಟ್ರೋಲ್’ ಜೊತೆ ‘ಟಿ’ ಒತ್ತಿ ಅದನ್ನು ‘ಟೇಬಲ್’ ಆಗಿ ಪರಿವರ್ತಿಸಬಹುದು. ಕೆಳಗೆ ಸರಿದಾಗ ಎ, ಬಿ, ಸಿ ಎಂಬ ಕಾಲಂ ಅಕ್ಷರಗಳ ಸ್ಥಾನದಲ್ಲಿ ನಮ್ಮ ಶೀರ್ಷಿಕೆಗಳೇ ಕಾಣಿಸಿಕೊಳ್ಳುತ್ತವೆ. ಎಡಗಡೆಯ ಹೆಸರುಗಳಿಗೆ ಮಾತ್ರ ಇದು ನೆರವಾಗದು.

ಮೊಬೈಲ್ ದೂರವಾಣಿಯ ವಿಷಯ ಬೇರೆ. ಕಚೇರಿಯ ಗಣಕದಲ್ಲಿ ನಾಲ್ಕು ಕಾಲಂ ಸ್ಥಿರಗೊಳಿಸಿದ ಕಡತವನ್ನು ವಾಟ್ಸ್ಆ್ಯಪ್ ಮೂಲಕ ಹೊಲದಲ್ಲಿರುವ ಮೇಸ್ತ್ರಿಗೆ ಕಳುಹಿಸಿದರೆ, ಆ ನಾಲ್ಕು ಕಾಲಂಗಳೇ ಅವರ ಪರದೆಯನ್ನು ತುಂಬಿಬಿಡುತ್ತವೆ. ಬಲಕ್ಕೆ ಎಷ್ಟು ಎಳೆದರೂ ತೂಕ ಕಾಣುವುದಿಲ್ಲ. ಕಡತವೇ ಹಾಳಾಗಿದೆಯೆಂದು ಅವರು ಕರೆ ಮಾಡುತ್ತಾರೆ. ಕಳುಹಿಸುವ ಪ್ರತಿಯಲ್ಲಿ ಸಂಕೇತ ಸಂಖ್ಯೆಯ ಒಂದೇ ಕಾಲಂ ಸ್ಥಿರಗೊಳಿಸಿ, ತಂದೆಯ ಹೆಸರು, ಗ್ರಾಮದ ಕಾಲಂಗಳನ್ನು ಬಲಕ್ಕೆ ಸರಿಸಿದರೆ ಸಾಕು. ಗೂಗಲ್ ಶೀಟ್ಸ್‌ನಲ್ಲಿ ಹಲವರು ಒಂದೇ ಕಡತ ಬಳಸುತ್ತಿದ್ದರೆ, ತಿದ್ದುವ ಅಧಿಕಾರವಿರುವ ಒಬ್ಬರು ಮಾಡಿದ ಸ್ಥಿರೀಕರಣ ಎಲ್ಲರ ಪರದೆಯಲ್ಲಿಯೂ ಅನ್ವಯವಾಗುತ್ತದೆ. ಆದ್ದರಿಂದ ಹಂಗಾಮು ಆರಂಭವಾಗುವ ಮೊದಲೇ ಯಾವ ಕಾಲಂಗಳು ನಿಲ್ಲಬೇಕೆಂದು ಕಚೇರಿಯವರೂ ಹೊಲದವರೂ ಕುಳಿತು ನಿರ್ಧರಿಸಿಕೊಳ್ಳಬೇಕು. ಒಂದು ಕಡತದಲ್ಲಿ ತಿಂಗಳಿಗೊಂದರಂತೆ ಹಾಳೆಗಳಿದ್ದರೆ ಪ್ರತಿ ಹಾಳೆಗೂ ಸ್ಥಿರೀಕರಣವನ್ನು ಪ್ರತ್ಯೇಕವಾಗಿಯೇ ಮಾಡಬೇಕಾಗುತ್ತದೆ. ಮೊದಲ ತಿಂಗಳ ಹಾಳೆಯನ್ನು ಸರಿಯಾಗಿ ಸಿದ್ಧಪಡಿಸಿ ಅದನ್ನೇ ನಕಲು ಮಾಡಿಕೊಂಡರೆ ಈ ಶ್ರಮ ಉಳಿಯುತ್ತದೆ.